ಅಮ್ಮ ಹೇಗಿದ್ದಾರೆ ಎಂದು ಕೇಳುವ ರೀತಿ

ಗಾಝಿ ಮೊದಲ ಸಲ ಪ್ರಯೋಗಾಲಯಕ್ಕೆ ಬಂದ ದಿನ ಓಲ್ಫಾ ಅವನನ್ನು ತನ್ನ ಅಧ್ಯಯನಕ್ಕೆ ರಕ್ತ ಕೊಡಲು ಬಂದವನೆಂದುಕೊಂಡಳು. ಕುರ್ಚಿಯಲ್ಲಿ ಕೂರಿಸಿ, ಅಂಗಿಯ ತೋಳು ಮೇಲೇರಿಸಲು ಹೇಳಿ, ರಬ್ಬರ್ ಪಟ್ಟಿ ಬಿಗಿದಳು.

ಅವನು ಬಂದದ್ದು ಆಮ್ಲಜನಕ ಅಳೆಯುವ ಯಂತ್ರದ ರಿಪೇರಿಗೆ. ಕಾಲ ಬಳಿ ಹತಾರದ ಪೆಟ್ಟಿಗೆಯೂ ಇತ್ತು. ಅವಳು ಅದನ್ನು ನೋಡಿರಲಿಲ್ಲ.

ಲಾಬಾಸ್? ಎಂದು ಕೇಳಿದಳು, ಸೂಜಿಯ ಹೊದಿಕೆ ಹರಿಯುತ್ತ. ಲಾಬಾಸ್ ಎಂದ ಅವನು. ಮನೆಯಲ್ಲಿ ಲಾಬಾಸ್? ಲಾಬಾಸ್. ಅಮ್ಮ ಲಾಬಾಸ್? ಲಾಬಾಸ್, ದೇವರ ದಯೆ. ಟ್ಯೂನಿಸ್ಸಿನಲ್ಲಿ ಎರಡು ಜೀವಗಳು ಎದುರಾದರೆ ಇಷ್ಟು ಆಗಲೇಬೇಕು. ತೊಂದರೆಯಿಲ್ಲವಷ್ಟೆ ಎಂದು ಕೇಳುವುದಕ್ಕೂ ಅದೇ ಪದ, ತೊಂದರೆಯಿಲ್ಲ ಎಂದು ಹೇಳುವುದಕ್ಕೂ ಅದೇ ಪದ.

ಕೊಳವೆ ಅರ್ಧ ತುಂಬಿದ ಮೇಲೆ ಅವನು, ಆ ಯಂತ್ರ ಯಾವ ಕೋಣೆಯಲ್ಲಿದೆ ಎಂದು ವಿಚಾರಿಸಿದ. ಓಲ್ಫಾಳ ಕೈ ಅಲ್ಲೇ ನಿಂತಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನೀವು ತುಂಬ ಗಡಿಬಿಡೀಲಿದ್ರಿ" ಎಂದ ಗಾಝಿ. "ಮಧ್ಯ ಬಾಯಿ ಹಾಕೋದು ಬೇಡ ಅನ್ನಿಸ್ತು. ಆಮೇಲೆ, ಈ ಕಂಪನಿ ಸೇರಿದಾಗಿಂದ ನನ್ನನ್ನ ಯಾರೂ ಕೂತ್ಕೋ ಅಂದಿರ್ಲಿಲ್ಲ."

ಅವನ ರೆಪ್ಪೆಗಳು ಉದ್ದವಾಗಿದ್ದವು. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಕ್ಷಣ ಮೊದಲು ಸಣ್ಣದಾಗುತ್ತಿತ್ತು. ಓಲ್ಫಾ ಇದನ್ನು ಗಮನಿಸಿದಳು, ಗಮನಿಸಿದ್ದನ್ನೂ ಗಮನಿಸಿದಳು. ತೆಗೆದ ರಕ್ತವನ್ನು ಚೆಲ್ಲುವುದೇಕೆ, ಅಧ್ಯಯನಕ್ಕೆ ಇಟ್ಟುಕೊಳ್ಳಿ ಎಂದು ಅವನೇ ಹೇಳಿ ಒಪ್ಪಿಗೆಯ ಸಹಿ ಹಾಕಿದ.

ಓಲ್ಫಾಳ ಥೀಸಿಸ್ಸಿನ ಕೆಲಸವನ್ನು ಅವಳ ತಾಯಿ ನೆರೆಯವರ ಮುಂದೆ ಮರೆವಿನ ಕಾಯಿಲೆಗೆ ಔಷಧಿ ಕಂಡುಹಿಡಿಯುವುದು ಎಂದು ಹೇಳಿಕೊಳ್ಳುತ್ತಿದ್ದರು. ಅದು ಅಷ್ಟು ದೊಡ್ಡದಾಗಿರಲಿಲ್ಲ. ಪ್ರತಿ ಜೀವಕೋಶದ ಒಳಗೂ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಆಮ್ಲಜನಕವನ್ನು ಉರಿಸಿ ಕೋಶಕ್ಕೆ ಬೇಕಾದ ಶಕ್ತಿಯನ್ನು ಮಾಡಿಕೊಡುವುದು ಅವೇ. ಅಲ್ಝೈಮರ್ ಹಿಡಿದ ಮೆದುಳಿನಲ್ಲಿ ಈ ಒಲೆಗಳು ಮಂಕಾಗಿರುತ್ತವೆ. ಕಾಯಿಲೆ ಬಂದದ್ದರಿಂದ ಒಲೆ ಮಂಕಾಯಿತೋ, ಒಲೆ ಮಂಕಾದದ್ದರಿಂದ ಕಾಯಿಲೆ ಬಂತೋ, ಯಾರೂ ಖಚಿತವಾಗಿ ಹೇಳುವುದಿಲ್ಲ. ಈ ಒಲೆಗಳು ತಂದೆಯಿಂದ ಬರುವಂಥವಲ್ಲ. ತಾಯಿಯಿಂದ ಮಾತ್ರ ಮಕ್ಕಳಿಗೆ ದಾಟುತ್ತವೆ.

ಆದ್ದರಿಂದ ಓಲ್ಫಾ ಎರಡು ಬಗೆಯ ಮಕ್ಕಳ ರಕ್ತ ಸೇರಿಸುತ್ತಿದ್ದಳು: ತಾಯಿಗೆ ಮರೆವಿನ ಕಾಯಿಲೆ ಇರುವವರದು, ತಾಯಿ ಆರೋಗ್ಯವಾಗಿರುವವರದು. ಸ್ವಂತ ಒಲೆ ಕೆಟ್ಟುಹೋದ ಕೋಶಗಳನ್ನು ಅವಳು ಫ್ಲಾಸ್ಕುಗಳಲ್ಲಿ ಸಾಕಿಕೊಂಡಿದ್ದಳು. ಯೂರಿಡಿನ್ ಎಂಬ ಪುಡಿ ಬೆರೆಸಿದ ದ್ರವ ಕೊಟ್ಟರಷ್ಟೇ ಅವು ಬದುಕುತ್ತಿದ್ದವು. ದಾನಿಯ ರಕ್ತದ ಪ್ಲೇಟ್‌ಲೆಟ್‌ಗಳನ್ನು ಅವುಗಳಿಗೆ ಬೆಸೆದರೆ ಬೇರೆಯವರ ತಾಯಿಯ ಒಲೆ ಇವುಗಳೊಳಗೆ ಬಂದು ಕೂರುತ್ತದೆ. ಆಮೇಲೆ ಯೂರಿಡಿನ್ ನಿಲ್ಲಿಸಬೇಕು. ಒಲೆ ಹೊತ್ತಿದ ಕೋಶ ಉಳಿಯುತ್ತದೆ, ಹೊತ್ತದೇ ಇದ್ದದ್ದು ಸಾಯುತ್ತದೆ. ಉಳಿದವು ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಅಳೆಯುವುದು ಕೊನೆಯ ಕೆಲಸ.

ಯಾವ ಫ್ಲಾಸ್ಕ್ ಯಾರದೆಂದು ಓಲ್ಫಾಳಿಗೆ ಗೊತ್ತಾಗಬಾರದು. ಹೆಸರು ತೆಗೆದು ಸಂಖ್ಯೆ ಅಂಟಿಸುವುದು ಪಕ್ಕದ ಮೇಜಿನ ಎಮ್ನಾಳ ಪಾಲಿಗೆ ಬಂದಿತ್ತು. ಓಲ್ಫಾಳನ್ನು ರೇಗಿಸಲು ಎಮ್ನಾ ಅದನ್ನು ಚೆನ್ನಾಗಿ ಬಳಸಿಕೊಂಡಳು.

"ಇನ್‌ಕ್ಯುಬೇಟರ್ ತುಂಬ ಅತ್ತೇರನ್ನ ಸಾಕ್ತಿದೀಯ ಕಣೇ" ಎನ್ನುವಳು. "ಅದರಲ್ಲಿ ಒಬ್ಬಳು ನಿನ್ನೋಳು. ಎಲ್ಲರಿಗೂ ಒಂದೇ ಥರ ಮರ್ಯಾದೆ ಕೊಡು, ಯಾವುದಕ್ಕೂ ಒಳ್ಳೇದು."

ಆ ಹೊತ್ತಿಗೆ ಗಾಝಿ ಕೆಡದ ಯಂತ್ರವನ್ನು ರಿಪೇರಿ ಮಾಡಲು ಪದೇ ಪದೇ ಬರುತ್ತಿದ್ದ. ಪಂಪಿಗೆ ಕಿವಿಯಿಟ್ಟು, ಕಣ್ಣು ಅರೆಮುಚ್ಚಿ ಆಲಿಸುತ್ತಿದ್ದ. ಓಲ್ಫಾ ಬಾಗಿಲು ದಾಟಿದರೆ ಆ ಅರೆಮುಚ್ಚಿದ ಕಣ್ಣಿನ ಕೊನೆ ಅವಳ ಜೊತೆ ಮೇಜಿನಿಂದ ಸಿಂಕಿಗೆ, ಸಿಂಕಿನಿಂದ ಕಿಟಕಿಗೆ ಹೋಗುತ್ತಿತ್ತು. ಅವಳು ತಿರುಗಿ ನೋಡಿದರೆ ಅವನು ಪಂಪಿನ ಬಗ್ಗೆ ಏನಾದರೂ ಹೇಳುತ್ತಿದ್ದ. ಒಂದು ಮಧ್ಯಾಹ್ನ ಅವಳು, ಪಂಪ್ ಏನು ಹೇಳುತ್ತಿದೆ ಎಂದು ಕೇಳಿದಳು. ಹಸಿವಾಗಿದೆಯಂತೆ ಎಂದ.

ಬೀದಿ ಕೊನೆಯ ಅಂಗಡಿಯಲ್ಲಿ ಮೊಟ್ಟೆ ತುಂಬಿಸಿ ಕರಿದ ಬ್ರಿಕ್ ತಿಂದರು. ಬ್ರಿಕ್ ತಿನ್ನುವಾಗ ಹಳದಿ ಸೋರದಂತೆ ಅಂಚಿನಿಂದ ಕಚ್ಚುತ್ತ ಬರಬೇಕು, ಆಗ ಯಾರೂ ಚೆಂದ ಕಾಣುವುದಿಲ್ಲ. ಇಬ್ಬರೂ ಒಬ್ಬರ ಬಾಯಿಯನ್ನೊಬ್ಬರು ನೋಡದಿರಲು ಬಹಳ ಪ್ರಯತ್ನಪಟ್ಟರು. ಅವನ ಗಲ್ಲದ ಮೇಲೆ ಹಳದಿಯ ಒಂದು ತೊಟ್ಟು ಉಳಿಯಿತು. ಓಲ್ಫಾ ಹೇಳಲಿಲ್ಲ. ಬೀದಿ ಮುಗಿಯುವವರೆಗೂ ಅದನ್ನು ತನ್ನದೇ ಗುಟ್ಟಿನಂತೆ ಇಟ್ಟುಕೊಂಡು ನಡೆದಳು.

ಚಳಿಗಾಲ ಬರುವ ಮೊದಲು ಅವನು, ಅಮ್ಮನನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ ಎಂದ. ಹುಡುಗನ ತಾಯಿ ಬಂದು ಕೂತು ತನ್ನ ಬಾಯಿಂದಲೇ ಕೇಳಬೇಕು, ಹುಡುಗಿ ಅಡುಗೆಮನೆಯಲ್ಲಿ ಕಾಫಿ ನೋಡಿಕೊಳ್ಳುತ್ತ ಏನೂ ಕೇಳಿಸದವಳಂತೆ ನಿಂತಿರಬೇಕು. ಅದಾಗದೆ ಯಾವುದೂ ಆದಂತಲ್ಲ. ಗಾಝಿಯ ತಂದೆ ತೀರಿಕೊಂಡಿದ್ದರು. ತಾಯಿ ಝಕಿಯಾ, ಸಮುದ್ರದ ದಂಡೆಯ ಹಮಾಮ್-ಲಿಫ್‌ನಲ್ಲಿ ಮದುವಣಗಿತ್ತಿಯರ ಬಟ್ಟೆ ಹೊಲಿಯುತ್ತಿದ್ದವರು.

ಓಲ್ಫಾಳ ತಾಯಿ ಪರದೆಗಳನ್ನೆಲ್ಲ ಒಗೆಸಿದರು. ಆ ಶುಕ್ರವಾರ ಝಕಿಯಾರಿಗೆ ಮಂಡಿನೋವು ಎಂದು ಸುದ್ದಿ ಬಂತು. ಮುಂದಿನ ಸಲ ಸ್ಫಾಕ್ಸಿನಿಂದ ನೆಂಟರು ಬಂದಿದ್ದರು. ಆಮೇಲೆ ಮತ್ತೆ ಮಂಡಿ. ಪರದೆಗಳು ಮೂರನೆಯ ಸಲ ನೀರಿಗೆ ಬಿದ್ದಾಗ ಓಲ್ಫಾಳ ತಾಯಿ, "ಆ ಹೆಂಗಸಿನ ಮಂಡಿ ನಮ್ಮನೆ ದಿಕ್ಕಿಗೆ ತಿರುಗಿದಾಗ ಮಾತ್ರ ನೋಯುತ್ತಾ?" ಎಂದರು. ಝಕಿಯಾರಿಗೆ ತಾನು ಇಷ್ಟವಿಲ್ಲ, ಮಗನಿಗೆ ಅದನ್ನು ಹೇಳುವ ಧೈರ್ಯವಿಲ್ಲ ಎಂದು ಓಲ್ಫಾ ಆಗಲೇ ತೀರ್ಮಾನಿಸಿದ್ದಳು.

ಅಳತೆಗಳು ಮುಗಿದವು. ಎಮ್ನಾ ಸಂಖ್ಯೆಗಳ ಬದಲು ಹೆಸರು ಬರೆದುಕೊಟ್ಟಳು. ಎರಡು ಗುಂಪುಗಳ ನಡುವೆ ಅಂತರವಿತ್ತು, ದೊಡ್ಡದೇನಲ್ಲ. ಆದರೆ ಆರೋಗ್ಯವಂತರ ಗುಂಪಿನ ಒಂದು ಫ್ಲಾಸ್ಕ್ ಆಚೆ ಗುಂಪಿನವರ ನಡುವೆ ಹೋಗಿ ಕೂತಿತ್ತು, ತಪ್ಪು ಮದುವೆಮನೆಗೆ ಬಂದ ನೆಂಟನಂತೆ. ಅದು ಗಾಝಿಯದು.

ಒಂದು ಫ್ಲಾಸ್ಕಿನಿಂದ ಏನೂ ಸಾಬೀತಾಗುವುದಿಲ್ಲ. ಕೋಶಗಳು ಹಳೆಯವಾಗಿರಬಹುದು, ಬೆಸುಗೆ ಸರಿಯಾಗಿರಲಿಕ್ಕಿಲ್ಲ, ಕೆಲವರ ಒಲೆ ಹುಟ್ಟಿನಿಂದಲೇ ಮೆಲ್ಲಗೆ ಉರಿಯುತ್ತಿರುತ್ತದೆ. ಇದನ್ನೆಲ್ಲ ಓಲ್ಫಾ ತನ್ನ ಗೈಡ್ ಪ್ರೊಫೆಸರ್ ರೌದಾರ ಮುಂದೆ ಹೇಳಿದಳು. ಅವರು ಎಲ್ಲಕ್ಕೂ ತಲೆಯಾಡಿಸಿ, ಆರೋಗ್ಯವಂತರ ಗುಂಪಿಗೆ ಜನರನ್ನು ಆರಿಸುವಾಗ ಪ್ರಶ್ನೆ ಹೇಗೆ ಕೇಳಿದೆ, ನನಗೇ ಒಮ್ಮೆ ಕೇಳು ಎಂದರು.

ಓಲ್ಫಾ ಕೇಳಿದಳು. ಲಾಬಾಸ್? ಲಾಬಾಸ್. ಮನೆಯಲ್ಲಿ ಲಾಬಾಸ್? ಲಾಬಾಸ್. ಅಮ್ಮ ಲಾಬಾಸ್?

"ಲಾಬಾಸ್, ದೇವರ ದಯೆ" ಎಂದು ಪ್ರೊಫೆಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮಮ್ಮ ತೀರಿಕೊಂಡು ವರ್ಷಗಳಾಯ್ತು, ಓಲ್ಫಾ."

ಆಮೇಲೆ ಅವರು ಶಾಂತವಾಗಿ, ಒಂದೇ ಉತ್ತರವಿರುವ ಪ್ರಶ್ನೆಯನ್ನು ನೀನು ಊರಿಗೆಲ್ಲ ಕೇಳಿ ಬಂದಿದ್ದೀಯ ಎಂದರು. ಎಲ್ಲರನ್ನೂ ಮತ್ತೆ ಕೇಳಬೇಕು. ತಾಯಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಾರಾ, ಗೊತ್ತಿರುವ ದಾರಿ ತಪ್ಪುತ್ತಾರಾ, ಹಣದ ಲೆಕ್ಕ ಬೇರೆ ಯಾರಾದರೂ ನೋಡಿಕೊಳ್ಳುತ್ತಿದ್ದಾರಾ, ಹೀಗೆ ಬಿಡಿಸಿ.

ಕಾರಿಡಾರಿನಲ್ಲಿ ನಿಂತಾಗ ಓಲ್ಫಾಳಿಗೆ ಝಕಿಯಾರ ಮಂಡಿನೋವು ನೆನಪಾಯಿತು. ಸ್ಫಾಕ್ಸಿನ ನೆಂಟರು, ಮತ್ತೆ ಮಂಡಿ. ಅವಳು ಗಾಝಿಗೆ ಫೋನ್ ಮಾಡಿದಳು. ಯಾವುದೋ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ, ಹಿಂದೆ ಯಂತ್ರ ಗುಂಯ್ ಎನ್ನುತ್ತಿತ್ತು. ಅವಳು ಹೊಸ ಪ್ರಶ್ನೆಗಳನ್ನು ಪ್ರೊಫೆಸರ್ ಹೇಳಿದ ಕ್ರಮದಲ್ಲೇ ಕೇಳಿದಳು. ಎರಡನೆಯ ಪ್ರಶ್ನೆಗೆ ಅವನು ಮಧ್ಯದಲ್ಲೇ ತಡೆದ.

"ಇದನ್ನ ಕೇಳ್ತಿರೋದು ಯಾರು?" ಎಂದ ಗಾಝಿ. "ನೀನಾ, ನಿನ್ನ ಥೀಸಿಸ್ಸಾ?"

ಅವಳಿಗೆ ಸುಳ್ಳು ಬೇಗ ಬಾಯಿಗೆ ಬರುವುದಿಲ್ಲ. ಥೀಸಿಸ್ ಎಂದಳು. ಅವನು ಫೋನ್ ಇಟ್ಟ.

ಆಮೇಲೆ ಅವನು ಬರಲಿಲ್ಲ. ಯಂತ್ರದ ಮಾಸಿಕ ತಪಾಸಣೆಗೆ ಕಂಪನಿಯಿಂದ ಬೇರೊಬ್ಬ ಬಂದ, ಪಂಪಿಗೆ ಕಿವಿಯಿಡದೆ ಬರೀ ಪರದೆ ನೋಡಿ ಸಹಿ ಹಾಕಿ ಹೋದ. ಓಲ್ಫಾ ಉಳಿದ ದಾನಿಗಳಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದಳು. ಪ್ರತಿ ಕರೆಯ ಕೊನೆಗೂ ತಾನು ಮೊದಲು ಕೇಳಬೇಕಾದ್ದನ್ನು ಕೊನೆಯಲ್ಲಿ ಕೇಳುತ್ತಿದ್ದೇನೆ ಅನಿಸುತ್ತಿತ್ತು. ಥೀಸಿಸ್ಸಿನಿಂದ ಒಂದು ಫ್ಲಾಸ್ಕ್ ತೆಗೆಯುವುದು ಸುಲಭ, ಕಾರಣ ಬರೆದರಾಯಿತು. ಗಾಝಿಯನ್ನು ಕಳೆದುಕೊಂಡದ್ದಕ್ಕೆ ಬರೆಯಲು ಅವಳ ಬಳಿ ಒಂದು ಸಾಲೂ ಇರಲಿಲ್ಲ.

ಹೆಣ್ಣು ಕೇಳಲು ಬರುವ ಮೊದಲು ಹುಡುಗಿ ಹುಡುಗನ ಮನೆಗೆ ಹೋಗುವಂತಿಲ್ಲ. ಓಲ್ಫಾ ಒಂದು ಬೆಳಿಗ್ಗೆ ಹಮಾಮ್-ಲಿಫ್‌ನ ರೈಲು ಹತ್ತಿದಳು.

ಬಾಗಿಲು ತೆರೆದ ಹೆಂಗಸು ಸಣ್ಣಗೆ, ನೆಟ್ಟಗೆ ಇದ್ದರು. ಕುತ್ತಿಗೆಯಿಂದ ಅಳತೆಪಟ್ಟಿ ನೇತಾಡುತ್ತಿತ್ತು. ಓಲ್ಫಾ ಹೆಸರು ಹೇಳುವ ಮೊದಲೇ ಅವರು ಅವಳನ್ನು ಒಳಗೆಳೆದು, ಬೆಳಕಿಗೆ ತಿರುಗಿಸಿ ನಿಲ್ಲಿಸಿದರು.

"ತಡವಾಗಿ ಬಂದ್ಯಲ್ಲ ಮಗಳೇ. ಕೈ ಮೇಲೆತ್ತು. ಮದುವೆ ಯಾವಾಗ?"

ಗೊತ್ತಿಲ್ಲ ಎಂದಳು ಓಲ್ಫಾ. ಪಟ್ಟಿ ಎದೆಯನ್ನು ಬಳಸಿತು, ಸೊಂಟವನ್ನು ಬಳಸಿತು. ಬೆರಳುಗಳಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅಳತೆಯನ್ನು ಝಕಿಯಾ ಬಾಯಲ್ಲೇ ಹೇಳಿಕೊಂಡು, ಎಲ್ಲೂ ಬರೆಯದೆ, ಮತ್ತೆ ಎದೆಯಿಂದ ಶುರುಮಾಡಿದರು. ಹುಡುಗ ಯಾರು ಎಂದು ಕೇಳಿದರು.

"ಗಾಝಿ ಅಂತ. ಯಂತ್ರ ರಿಪೇರಿ ಮಾಡ್ತಾನೆ."

"ನನ್ನ ಮಗನೂ ಗಾಝಿನೇ. ಅವನ ಆಸೆ ಬಿಡು, ರಕ್ತ ತೆಗೆಯೋ ಹುಡುಗಿ ಒಬ್ಬಳು ಹಿಡ್ಕೊಂಡಿದಾಳೆ ಅವನನ್ನ." ಝಕಿಯಾ ದನಿ ತಗ್ಗಿಸಿದರು. "ನಾನು ಹೋಗಿ ಕೇಳ್ಬೇಕು. ಇವನು ಕರ್ಕೊಂಡು ಹೋಗಲ್ಲ. ಅಲ್ಲಿ ನಾನು ಏನಾದ್ರೂ ಹೇಳ್ಬಿಡ್ತೀನಿ ಅಂತ ಹೆದರ್ತಾನೆ. ಮಂಡಿ ನೋವು ಅಂತಾನಂತೆ ಅವರಿಗೆ. ನನ್ನ ಮಂಡಿ ನೋಡು."

ಅವರು ಅಳತೆಪಟ್ಟಿ ಹಿಡಿದೇ ನೆಲಕ್ಕೆ ಕುಕ್ಕರಿಸಿ, ಹಾಗೆಯೇ ಎದ್ದು ನಿಂತರು.

"ನಂಗೆ ಮರೆಯುತ್ತೆ. ಮರೆಯುತ್ತೆ ಅನ್ನೋದು ಮರೆತಿಲ್ಲ, ಇನ್ನೂ. ಅಷ್ಟರೊಳಗೆ ಹೋಗಿ ಬರ್ಬೇಕು ಅಂತ ನಂಗೆ."

ಓಲ್ಫಾಳ ಕೈಗಳು ಇನ್ನೂ ಮೇಲೆಯೇ ಇದ್ದವು. ಕಾಯಿಲೆಯ ಬಗ್ಗೆ ಅವಳು ಓದಿದ್ದರಲ್ಲಿ ಎಲ್ಲಿಯೂ ಈ ವಾಕ್ಯ ಇರಲಿಲ್ಲ. ಅಲ್ಲಿ ಹೋದರೆ ಏನು ಹೇಳುತ್ತೀರಿ ಎಂದು ಕೇಳಿದಳು. ಝಕಿಯಾ ಪಟ್ಟಿಯನ್ನು ಮಡಚಿ, ತಲೆಯ ಬಟ್ಟೆ ಸರಿಮಾಡಿ, ಸೋಫಾದ ಅಂಚಿನಲ್ಲಿ ಪರಸ್ಥಳದವರಂತೆ ಕೂತರು. ನಿಮ್ಮ ಮನೆಯ ಬೆಳಕನ್ನು ನೋಡಿ ಬಂದಿದ್ದೇವೆ, ನಿಮ್ಮ ಮಗಳು ಓಲ್ಫಾಳನ್ನು ನಮ್ಮ ಮಗ ಗಾಝಿಗೆ ದೇವರ ಹೆಸರಲ್ಲಿ ಕೇಳುತ್ತಿದ್ದೇವೆ, ಅವಳು ನಮಗೆ ಸೊಸೆಯಲ್ಲ ಮಗಳು ಎಂದರು. ಒಂದು ಪದವೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೆಸರನ್ನೂ ಸರಿಯಾಗಿ ಹೇಳಿದ್ದರು.

ಗಾಝಿ ಬ್ರೆಡ್ಡಿನೊಂದಿಗೆ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ಎಂದು ಹೇಳುವುದು ಕಷ್ಟ. ತಾಯಿ ಅವನನ್ನು ಕಂಡು, ಬ್ರೆಡ್ ಅಡುಗೆಮನೆಯಲ್ಲಿಡು, ಇಲ್ಲಿ ಹೆಣ್ಣುಮಕ್ಕಳ ಅಳತೆ ನಡೀತಿದೆ ಎಂದು ಬೈದರು.

ಅಡುಗೆಮನೆಯಲ್ಲಿ ಒಲೆಯ ಗ್ಯಾಸ್ ಕೊಳವೆಗೆ ಬೀಗ ಹಾಕಿದ ಪುಟ್ಟ ಪೆಟ್ಟಿಗೆಯೊಂದನ್ನು ಗಾಝಿ ಅಳವಡಿಸಿದ್ದ. ಕಪಾಟುಗಳ ಮೇಲೆ ಸಕ್ಕರೆ, ಉಪ್ಪು, ಕಾಫಿ ಎಂದು ಅವನ ಕೈಬರಹವಿತ್ತು. ಅವನ ಹಿಂದೆಯೇ ಬಂದ ಓಲ್ಫಾ ಅದನ್ನೆಲ್ಲ ನೋಡಿದಳು. ಅವಳು ನೋಡುವುದನ್ನು ಅವನು ನೋಡಿದ.

"ಇದಕ್ಕೇ ಕರ್ಕೊಂಡು ಬರ್ಲಿಲ್ಲ" ಎಂದ. "ನೀನು ಎರಡು ನಿಮಿಷದಲ್ಲಿ ಕಂಡುಹಿಡೀತಿದ್ದೆ. ಬೇರೆ ಯಾವ ಹುಡುಗಿ ಆಗಿದ್ರೂ ವಯಸ್ಸಾಯ್ತು ಅಂದ್ಕೊಂಡು ಸುಮ್ನಾಗ್ತಿದ್ಲು. ನೀನು ಅಮ್ಮನ್ನ ನೋಡಿದ್ಮೇಲೆ ನನ್ನ ಕಡೆ ತಿರುಗ್ತಿದ್ದೆ. ಲೆಕ್ಕ ಹಾಕೋಕೆ."

ಆ ದಿನ ಕುರ್ಚಿಯಲ್ಲಿ ಕೂತು ಲಾಬಾಸ್ ಎಂದದ್ದು ಸುಳ್ಳಾಗಿರಲಿಲ್ಲವಂತೆ. ಕೇಳಿದರೆ ಹಾಗೆನ್ನುವುದು ವಾಡಿಕೆ, ಅಂದುಬಿಟ್ಟಿದ್ದ. ನಿನ್ನ ಫ್ಲಾಸ್ಕು ಏನು ಹೇಳಿತು ಎಂದು ಕೇಳಿದ. ಕಡಿಮೆ ಉರಿಯುತ್ತಿದೆ ಎಂದಳು ಓಲ್ಫಾ. ಅದರಿಂದ ಏನಾಗುತ್ತದೆಂದು ಯಾರೂ ಹೇಳಲಾರರು, ನಾನೂ ಹೇಳಲಾರೆ ಎಂದಳು. ತಾಯಿಗಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ಬಹಳಷ್ಟು ಮಂದಿಗೆ ಬರುವುದೇ ಇಲ್ಲ. ಇದನ್ನು ಅವಳು ಸಮಾಧಾನದ ದನಿಯಲ್ಲಿ ಹೇಳಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು. ಗಾಝಿಯ ಭುಜಗಳು ಸ್ವಲ್ಪ ಇಳಿದವು. ಅವನಿಗೆ ಬೇಕಾಗಿದ್ದದ್ದು ಬಹುಶಃ ಸಮಾಧಾನವಲ್ಲ.

"ನನಗೆ ಬಂದ್ರೆ?"

"ಆಗ ಕಪಾಟಿನ ಮೇಲೆ ನಾನು ಬರೀತೀನಿ. ನಿನ್ನ ಅಕ್ಷರ ಯಾರಿಗೂ ಓದೋಕಾಗಲ್ಲ."

ಅವನು ನಗಲಿಲ್ಲ. ಆದರೆ ಎಡಗಣ್ಣು ಕ್ಷಣ ಮೊದಲು ಸಣ್ಣದಾಯಿತು. ಥೀಸಿಸ್ಸಿಗೆ ಏನಾದೀತು ಎಂದು ಕೇಳಿದ. ಒಂದು ಅಧ್ಯಾಯ ಮತ್ತೆ ಬರೆಯಬೇಕು ಎಂದಳು. ಮುಂದಿನ ಶುಕ್ರವಾರ ನಿಮ್ಮಮ್ಮನನ್ನು ಕರೆದುಕೊಂಡು ಹೋಗಲು ನಾನೇ ಬರುತ್ತೇನೆ ಎಂದೂ ಹೇಳಿದಳು. ಹುಡುಗಿಯೇ ಬಂದು ಅತ್ತೆಯನ್ನು ಕರೆದೊಯ್ಯುವುದನ್ನು ಗಾಝಿ ಎಲ್ಲಿಯೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಮನೆಯಲ್ಲಿ ಓಲ್ಫಾ ಎಲ್ಲವನ್ನೂ ತಾಯಿಯ ಮುಂದೆ ಹೇಳಿದಳು. ನಿನಗೆ ಈ ಜವಾಬ್ದಾರಿ ಬೇಕಾ ಎಂದು ಒಮ್ಮೆ ಕೇಳಿದರು, ಬೇಕು ಎಂದದ್ದಕ್ಕೆ ಎದ್ದು ಹೋದರು. ಶುಕ್ರವಾರ ಬೆಳಿಗ್ಗೆ ನೋಡಿದರೆ ಪರದೆಗಳು ಮತ್ತೆ ಹಗ್ಗದ ಮೇಲಿದ್ದವು.

ಗಾಝಿಯ ವ್ಯಾನಿನ ಮುಂದಿನ ಸೀಟಿನಲ್ಲಿ ಇಬ್ಬರಿಗಷ್ಟೇ ಜಾಗ, ಆದ್ದರಿಂದ ಮೂವರೂ ರೈಲಿನಲ್ಲಿ ಹೊರಟರು. ಝಕಿಯಾ ಕಿಟಕಿಯ ಬಳಿ ಕೂತರು, ಮಡಿಲಲ್ಲಿ ಬಕ್ಲಾವಾ ಸಿಹಿಯ ಡಬ್ಬಿ. ಪಕ್ಕದಲ್ಲಿ ಓಲ್ಫಾ, ಎದುರಿಗೆ ಇಸ್ತ್ರಿಯ ಅಂಗಿಯಲ್ಲಿ ಗಾಝಿ. ಬೂಕೊರ್ನಿನ್ ಬೆಟ್ಟ ಹಿಂದೆ ಸರಿಯಿತು.

ಎಝಹ್ರಾ ನಿಲ್ದಾಣದಲ್ಲಿ ಝಕಿಯಾ, ನಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದರು. ಹೆಣ್ಣು ಕೇಳುವುದಕ್ಕೆ ಎಂದಳು ಓಲ್ಫಾ. ಹುಡುಗಿ ಹೇಗಿದ್ದಾಳೆ? ಓದಿದ್ದಾಳೆ, ಅಡುಗೆ ಸುಮಾರು, ಕೋಪ ಬೇಗ ಬರುತ್ತದೆ. ಝಕಿಯಾ ಮುಖ ಕಿವುಚಿದರು. ಗಾಝಿ ಕಿಟಕಿಯ ಹೊರಗೆ ನೋಡಿದ.

ರಾದೆಸ್‌ನಲ್ಲಿ ಮತ್ತೆ ಕೇಳಿದರು. ಈ ಸಲ ಓಲ್ಫಾ, ಹುಡುಗಿ ನೋಡಲು ತಕ್ಕಮಟ್ಟಿಗೆ ಇದ್ದಾಳೆ, ಮಾತು ಕಡಿಮೆ ಎಂದಳು. ಮಾತು ಕಡಿಮೆ ಎನ್ನುವುದಕ್ಕೆ ಗಾಝಿ ಕೆಮ್ಮಿದ.

ಮೆಗ್ರಿನ್ ದಾಟುವಾಗ ರೈಲು ನಿಧಾನವಾಯಿತು. ಝಕಿಯಾ ಡಬ್ಬಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವಳ ಕಡೆ ತಿರುಗಿದರು. ಯಾರ ಮನೆಗೆ, ಹುಡುಗಿ ಎಂಥವಳು?

ಓಲ್ಫಾ ಎದುರಿಗೆ ನೋಡಿದಳು. ಗಾಝಿ ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ಅವರಿಬ್ಬರ ಮಂಡಿಗಳ ನಡುವೆ ಒಂದು ಗೇಣು ಜಾಗವಿತ್ತು, ರೈಲು ಅಲುಗಿದಾಗೆಲ್ಲ ಅದು ಕಡಿಮೆಯಾಗುತ್ತಿತ್ತು.

"ನಿಮ್ಮ ಮಗನನ್ನ ಪ್ರೀತಿಸ್ತಾಳೆ" ಎಂದಳು. "ತುಂಬ. ಅವನಿಗೆ ಇನ್ನೂ ಹೇಳಿಲ್ಲ."

ಝಕಿಯಾ ಮಗನ ಕಡೆ, ಆಮೇಲೆ ಓಲ್ಫಾಳ ಕಡೆ ನೋಡಿದರು. ತುಸು ಯೋಚಿಸಿದರು.

"ಹಾಗಾದ್ರೆ ಕೇಳೋದೇನಿದೆ" ಎಂದು ಡಬ್ಬಿಯ ದಾರ ಬಿಚ್ಚಿ ಒಂದು ತುಂಡು ಬಕ್ಲಾವಾ ಅವಳ ಕೈಗಿಟ್ಟರು. "ತಿನ್ನು. ಅವರಿಗೆ ಉಳಿದದ್ದು ಸಾಕು."